ನೆರಳು ಮಾಯವಾದ ಮಧ್ಯಾಹ್ನ

ರಜೆಗೆ ಮುಂಚೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರಂತೆ, ಏಪ್ರಿಲ್ 24ರಂದು ಬೆಂಗಳೂರಿನಲ್ಲಿ ನಡುಹಗಲಿಗೆ ನೆರಳು ಇರುವುದಿಲ್ಲ ಎಂದು. ಪಕ್ಕದ ಮನೆಯ ಇಬ್ಬರು ಮಕ್ಕಳು ಕಾಫಿಪುಡಿಯ ಉದ್ದನೆಯ ಸ್ಟೀಲ್ ಡಬ್ಬಿ ತಂದು ತಾರಸಿಯ ನಟ್ಟನಡುವೆ ನಿಲ್ಲಿಸಿದರು. ಅವರ ತಾತನೂ ನಾನೂ ಸಾಕ್ಷಿಗೆ ನಿಂತೆವು. ಹನ್ನೆರಡು ಗಂಟೆಗೆ ಡಬ್ಬಿಯ ಪಡುವಣ ಮಗ್ಗುಲಲ್ಲಿ ಹೆಬ್ಬೆರಳಗಲದ ನೆರಳಿತ್ತು. ನೋಡನೋಡುತ್ತ ಅದು ತೆಳುವಾಯಿತು, ದಾರದ ಎಳೆಯಾಯಿತು, 12 ಗಂಟೆ 17 ನಿಮಿಷದ ಹೊತ್ತಿಗೆ ಇಲ್ಲವೇ ಇಲ್ಲ. “ಎಲ್ಲಿ ಹೋಯ್ತು ತಾತ?” ಎಂದು ಚಿಕ್ಕವನು ಕೇಳಿದ. “ಎಲ್ಲೂ ಹೋಗಿಲ್ಲ ಕಣೋ, ಡಬ್ಬಿ ಅಡೀಗೆ ಸೇರ್ಕೊಂಡಿದೆ” ಎಂದರು ತಾತ. ಎರಡು ಮೂರು ನಿಮಿಷ ಕಳೆಯುವಷ್ಟರಲ್ಲಿ ಮೂಡಣ ಮಗ್ಗುಲಲ್ಲಿ ಇನ್ನೊಂದು ಎಳೆ ಹುಟ್ಟಿತು. ಅಂಗಾಲು ಸುಡುತ್ತಿದೆ ಎಂದು ಕುಣಿಯುತ್ತ ಮಕ್ಕಳು ಕೆಳಗೆ ಓಡಿದರು.

ಸೂರ್ಯ ಹೀಗೆ ನೆತ್ತಿಯ ನೇರಕ್ಕೆ ಬರುವುದು ನಮ್ಮ ಊರಿನಲ್ಲಿ ವರ್ಷಕ್ಕೆ ಎರಡು ಸಲ. ಉತ್ತರಕ್ಕೆ ಏರಿಹೋಗುವಾಗ ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ದಕ್ಷಿಣಕ್ಕೆ ಮರಳುವಾಗ ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ. ಎರಡೂ ದಿನ ಅದೇ ಸೂರ್ಯ, ಅದೇ ಎತ್ತರ, ಹಗಲಿನ ಉದ್ದವೂ ಅಷ್ಟೇ. ಆದರೂ ಏಪ್ರಿಲ್ ತಿಂಗಳಲ್ಲಿ ಹಗಲಿನ ಗರಿಷ್ಠ ತಾಪಮಾನ ಸರಾಸರಿ 34 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇದ್ದರೆ, ಆಗಸ್ಟ್‌ನಲ್ಲಿ 28ರ ಆಸುಪಾಸು. ಆ ಹೊತ್ತಿಗೆ ಪಡುವಣ ಸಮುದ್ರದಿಂದ ಘಟ್ಟ ಹತ್ತಿ ಬಂದ ಗಾಳಿ ಬೀಸುತ್ತಿರುತ್ತದೆ. ಆಷಾಢದ ಗಾಳಿ ಎಂದು ನಾವು ಕರೆಯುವುದು ಅದನ್ನೇ. ತನ್ನ ಮಳೆಯ ಬಹುಪಾಲನ್ನು ಮಲೆನಾಡಿಗೆ ಸುರಿದು ಬಂದಿದ್ದರೂ ಮೋಡದ ಚಪ್ಪರವನ್ನು ಅದು ನಮ್ಮ ತಲೆಯ ಮೇಲೆ ಕಟ್ಟುತ್ತದೆ. ನೆಲ ನೆಂದಿರುತ್ತದೆ. ಬಂದ ಬಿಸಿಲಿನ ಒಂದು ಪಾಲು ಆ ತೇವವನ್ನು ಆರಿಸುವುದರಲ್ಲೇ ಮುಗಿದುಹೋಗುತ್ತದೆ. ಏಪ್ರಿಲ್‌ನಲ್ಲಿ ಮೋಡವೂ ಕಡಿಮೆ, ತೇವವೂ ಕಡಿಮೆ. ಶಿವರಾತ್ರಿಯಿಂದ ಕಾದುಕೊಂಡು ಬಂದ ಒಣನೆಲದ ಮೇಲೆ ಬಿಸಿಲು ನೇರ ಬೀಳುತ್ತದೆ.

ಡಬ್ಬಿಯ ಮುಂದೆ ನಿಂತಿದ್ದಾಗ ನನಗೆ ಹೊಳೆದದ್ದು ಇಷ್ಟು. ಬಿಸಿಲಿಗೆ ತನ್ನದೇ ಆದ ಬಿಸಿ ಎಂಬುದಿಲ್ಲ. ಸೂರ್ಯನೊಬ್ಬನೇ ಸೆಕೆಯನ್ನು ಕೊಡಲಾರ. ಬಿಸಿಲು, ಮೋಡ, ಗಾಳಿ, ಮಣ್ಣಿನ ತೇವ, ಎದುರಿಗೆ ನಿಂತ ಗೋಡೆ, ಇವೆಲ್ಲ ಒಂದು ಗಳಿಗೆ ಕೂಡಿದಾಗ ಆಗುವ ಸಂಗತಿಗೆ ನಾವು ಸೆಕೆ ಎಂದು ಹೆಸರಿಟ್ಟಿದ್ದೇವೆ. ಅವುಗಳಲ್ಲಿ ಒಂದು ಸರಿದರೂ ಅದು ಬೇರೆ ಸಂಗತಿ. ಬೌದ್ಧರು ಪ್ರತೀತ್ಯ ಸಮುತ್ಪಾದ ಎನ್ನುತ್ತಾರೆ. ಇದಿದ್ದರೆ ಅದುಂಟು, ಇದಿಲ್ಲವಾದರೆ ಅದಿಲ್ಲ ಎಂಬ ತಿಳಿವು. ಓದುವಾಗ ಅದು ನನಗೆ ಬಿಗಿಯಾದ ತರ್ಕವಾಗಿ ಕಂಡಿತ್ತು. ಹವಾಮಾನವನ್ನು ನೋಡುತ್ತ ಕೂತರೆ ಅದು ಕಣ್ಣೆದುರಿನ ವಿಷಯ.

ಹಾಗಾದರೆ ಬೆಂಗಳೂರು ತಂಪು ಊರು ಎಂದು ಹೆಸರಾದದ್ದು ಏನೇನು ಕೂಡಿ?

ಮೊದಲನೆಯದು ಎತ್ತರ. ಮಂಗಳೂರು, ಬೆಂಗಳೂರು, ಚೆನ್ನೈ, ಮೂರೂ ಹೆಚ್ಚುಕಡಿಮೆ 13ನೇ ಅಕ್ಷಾಂಶದ ಒಂದೇ ಗೆರೆಯ ಮೇಲಿವೆ. ಆಚೆಗೊಂದು ಕಡಲು, ಈಚೆಗೊಂದು ಕಡಲು, ನಡುವೆ ನಮ್ಮ ಊರು ಸುಮಾರು 920 ಮೀಟರ್ ಎತ್ತರದ ದಿಬ್ಬದ ಮೇಲೆ ಕೂತಿದೆ. ಸಾವಿರ ಮೀಟರ್ ಮೇಲೇರಿದರೆ ಗಾಳಿಯ ಬಿಸಿ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಆ ಲೆಕ್ಕದಲ್ಲಿ ಆರು ಡಿಗ್ರಿಯಷ್ಟು ತಂಪು ನಮಗೆ ಏನೂ ಮಾಡದೆಯೇ ಸಿಕ್ಕಿದ ಪಿತ್ರಾರ್ಜಿತ. ಇನ್ನೊಂದು ಭಾಗ್ಯ ಮಳೆಯ ಹಂಚಿಕೆಯದು. ಏಪ್ರಿಲ್ ಮುಗಿಯುವ ಹೊತ್ತಿಗೆ ಸಂಜೆಯ ಗುಡುಗುಮಳೆ ಶುರುವಾಗುವುದರಿಂದ, ಉತ್ತರದ ಊರುಗಳು ಬೆಂದುಹೋಗುವ ಮೇ, ಜೂನ್ ತಿಂಗಳಲ್ಲಿ ನಮ್ಮಲ್ಲಿ ಬೇಸಗೆ ಆಗಲೇ ಕಾಲು ಕೀಳುತ್ತಿರುತ್ತದೆ.

ಈ ಎತ್ತರವೊಂದು ಮಾತ್ರ ಶಾಶ್ವತ ಎಂದು ಅನ್ನಿಸುವುದು ಸಹಜ. ಲಾಲ್‌ಬಾಗಿನ ಬಂಡೆಯ ಮೇಲೆ ನಿಂತರೆ ಹಾಗೇ ಅನ್ನಿಸುತ್ತದೆ. ಅದಕ್ಕೆ ಸುಮಾರು ಮುನ್ನೂರು ಕೋಟಿ ವರ್ಷ. ಕೆಂಪೇಗೌಡರ ಗೋಪುರವೊಂದು ಅದರ ನೆತ್ತಿಯ ಮೇಲಿದೆ. ಕೆಂಪೇಗೌಡರು 1537ರಲ್ಲಿ ಕೋಟೆ ಕಟ್ಟಿಸಿದ್ದು ಆ ಬಂಡೆಯ ಲೆಕ್ಕದಲ್ಲಿ ಈಗತಾನೆ. ಆದರೆ ಆ ಬಂಡೆ ಹುಟ್ಟಿದ್ದು ಬಿಸಿಲಿನಲ್ಲಿ ಅಲ್ಲ, ಕಿಲೋಮೀಟರುಗಟ್ಟಲೆ ನೆಲದಾಳದಲ್ಲಿ. ಮೇಲಿದ್ದ ಅಷ್ಟೂ ಕಲ್ಲು ಮಳೆಗಾಳಿಗೆ ಸವೆದು, ಮರಳಾಗಿ, ಕಡಲು ಸೇರಿದ ಮೇಲೆ ಅದು ಹೊರಗೆ ಬಂತು. ನಾವು ಬುಡ ಎಂದು ನಂಬಿ ಕಾಲೂರಿ ನಿಂತದ್ದು ಒಂದು ಬೆಟ್ಟ ಕರಗಿದ ಮೇಲೆ ಉಳಿದ ಚೂರು. ಅಲ್ಲಿ ವಾಯುವಿಹಾರಕ್ಕೆ ಬಂದವರು ಸಂಜೆ ಕಲ್ಲಿನ ಮೇಲೆ ಕೂತು ಅದರ ಬೆಚ್ಚಗಿನ ಮೈಯನ್ನು ಅಂಗೈಯಿಂದ ಮುಟ್ಟುತ್ತಿರುತ್ತಾರೆ. ಬೆಳಗಿನ ಹೊತ್ತಿಗೆ ಅದು ತಣ್ಣಗಿರುತ್ತದೆ. ಮುನ್ನೂರು ಕೋಟಿ ವರ್ಷದ ಕಲ್ಲೂ ದಿನಕ್ಕೊಮ್ಮೆ ಬದಲಾಗುತ್ತಿದೆ.

ಆದರೂ ನಮ್ಮ ಆಯುಸ್ಸಿನ ಅಳತೆಯಲ್ಲಿ ಎತ್ತರ ಕದಲಿಲ್ಲ. ಅಕ್ಷಾಂಶ ಕದಲಿಲ್ಲ. ಆಷಾಢದಲ್ಲಿ ಈಗಲೂ ಗಾಳಿ ಬೀಸುತ್ತದೆ. ಕದಲಿದ್ದು ಬೇರೆ. ಈ ಊರಿನ ತಂಪಿನಲ್ಲಿ ಎರಡನೆಯ ಪಾಲೊಂದಿತ್ತು. ಅದು ಪಿತ್ರಾರ್ಜಿತವಲ್ಲ, ಸ್ವಯಾರ್ಜಿತ. ಕೈಯಾರೆ ಮಾಡಿದ್ದು.

ಬೆಂಗಳೂರಿಗೆ ಹೇಳಿಕೊಳ್ಳುವಂಥ ನದಿಯಿಲ್ಲ. ಇದು ನೀರು ಇಬ್ಭಾಗವಾಗುವ ಏಣು. ಒಂದು ಮಗ್ಗುಲಿಗೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ದಾರಿಯಾಗಿ ಕಾವೇರಿಗೆ, ಇನ್ನೊಂದು ಮಗ್ಗುಲಿಗೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ. ಹರಿದುಹೋಗುವ ನೀರನ್ನು ನಿಲ್ಲಿಸಿದರಷ್ಟೇ ಇಲ್ಲಿ ಊರು. ಹಾಗಾಗಿ ಕೆರೆ. ಅಗರದಲ್ಲಿ ಸಿಕ್ಕಿರುವ 9ನೇ ಶತಮಾನದ ಶಾಸನ ಕೆರೆಗೆ ತೂಬು ಇಡಿಸಿದ ಕೆಲಸವನ್ನು ಹೇಳುತ್ತದೆ. ಅಂದರೆ ಕೆಂಪೇಗೌಡರಿಗಿಂತ ಆರೇಳುನೂರು ವರ್ಷ ಹಿಂದೆಯೇ ಇಲ್ಲಿ ಏರಿ ಕಟ್ಟುತ್ತಿದ್ದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ನೀರುಗಂಟಿ ತೂಬೆತ್ತುವ ಹೊತ್ತು ಹೇಳುತ್ತಿದ್ದ. ಬೇಸಗೆಯಲ್ಲಿ ಊರವರು ಹೂಳೆತ್ತುತ್ತಿದ್ದರು.

ಆ ಹೂಳಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಕೆರೆಗೆ ಮೊದಲ ದಿನ ನೀರು ಬಂದಾಗಲೇ ಅದರ ಜೊತೆ ಮಣ್ಣೂ ಬರುತ್ತದೆ. ಕಟ್ಟಿದ ಗಳಿಗೆಯಿಂದಲೇ ಕೆರೆ ಮುಚ್ಚಿಹೋಗಲು ಶುರುಮಾಡುತ್ತದೆ. ಏನೂ ಮಾಡದೆ ಬಿಟ್ಟರೆ ಅದು ಮೊದಲು ಜೌಗು, ಆಮೇಲೆ ಗದ್ದೆ, ಆಮೇಲೆ ಬಯಲು. ನಾನೂರು ಐನೂರು ವರ್ಷ ಒಂದು ಕೆರೆ ಬಾಳಿದೆ ಎಂದರೆ ಅದು ಗಟ್ಟಿಯಾಗಿ ಕಟ್ಟಿದ್ದರಿಂದ ಮಾತ್ರ ಅಲ್ಲ. ಅದರ ಅನಿತ್ಯವನ್ನು ಬಲ್ಲವರು ಪ್ರತಿ ಬೇಸಗೆಯೂ ಅದನ್ನು ಹೊಸದಾಗಿ ಕಟ್ಟಿದ್ದರು. ನಾನೂರು ವರ್ಷದ ಕೆರೆ ಎಂದರೆ ನಾನೂರು ಬೇಸಗೆಗಳ ಮಂಕರಿ ಮಣ್ಣು. ಆ ಮಣ್ಣು ಹೊತ್ತವರ ಹೆಸರು ಯಾವ ಶಾಸನದಲ್ಲೂ ಇಲ್ಲ.

ಮರಗಳ ಕತೆಯೂ ಅಂಥದ್ದೇ. ಹೈದರಾಲಿ 1760ರಲ್ಲಿ ಲಾಲ್‌ಬಾಗಿಗೆ ತಳಪಾಯ ಹಾಕಿದ. ದಂಡು ಪ್ರದೇಶ 1809ರಲ್ಲಿ ಬಂತು. ಬ್ರಿಟಿಷರು ಇಲ್ಲಿ ನೆಲೆ ನಿಲ್ಲಲು ಹವೆಯೂ ಒಂದು ಕಾರಣ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಜರ್ಮನಿಯ ಉದ್ಯಾನತಜ್ಞ ಕ್ರುಂಬಿಗಲ್ ಲಾಲ್‌ಬಾಗಿಗೆ ಬಂದು, ಒಂದು ಬೀದಿಯ ಹೂವು ಉದುರುವ ಹೊತ್ತಿಗೆ ಇನ್ನೊಂದು ಬೀದಿ ಅರಳುವಂತೆ ಮರಗಳನ್ನು ಆಯ್ದು ನೆಡಿಸಿದರು. ತಬೆಬುಯಾ, ಜಕರಂಡ, ಮಳೆಮರಗಳು ದಕ್ಷಿಣ ಮತ್ತು ಮಧ್ಯ ಅಮೆರಿಕದ ಕಡೆಯವು, ಗುಲ್‌ಮೊಹರ್ ಮಡಗಾಸ್ಕರಿನದು. ಉದ್ಯಾನ ನಗರಿ ಎಂದು ನಾವು ಎದೆ ತಟ್ಟಿಕೊಳ್ಳುವ ಹಸಿರಿನಲ್ಲಿ ಎಷ್ಟೋ ಪಾಲು ಕಡಲು ದಾಟಿ ಬಂದ ಜಂಗಮಗಳು ಇಲ್ಲಿ ಬೇರೂರಿ ಸ್ಥಾವರವಾದದ್ದು. ಆಗ ನೆಟ್ಟ ಮಳೆಮರಗಳು ಈಗ ಮುಪ್ಪಾಗಿವೆ. ಪ್ರತಿ ವರ್ಷ ಏಪ್ರಿಲ್, ಮೇ ಗಾಳಿಮಳೆಗೆ ಒಂದಲ್ಲ ಒಂದು ಕಡೆ ರಸ್ತೆಗಡ್ಡ ಉರುಳುತ್ತವೆ.

ಕೆರೆಗಳಲ್ಲೂ ಎಷ್ಟೋ ಉಳಿಯಲಿಲ್ಲ. ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಈಗ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಚಲ್ಲಘಟ್ಟದ ಕೆರೆ ಗಾಲ್ಫ್ ಮೈದಾನ. ಪಟ್ಟಿ ಉದ್ದವಿದೆ, ಬಿಡಿ. ಒಂದನ್ನು ಮಾತ್ರ ಹೇಳಬೇಕು. ಕಂಠೀರವದ ಪಕ್ಕದಲ್ಲಿ ಸಂಪಂಗಿ ಕೆರೆಯ ನೆನಪಿಗೆ ಒಂದು ಚಿಕ್ಕ ಕೊಳ ಉಳಿದಿದೆ. ಸುತ್ತ ಕಟ್ಟೆ, ನಡುವೆ ನೀರು. ಚೈತ್ರಮಾಸದ ಕರಗದ ಹೊತ್ತಿಗೆ ಅದನ್ನು ಅಣಿಗೊಳಿಸುತ್ತಾರೆ, ಹಸಿ ಕರಗದ ವಿಧಿಗಳಿಗೆ ಆ ನೀರು ಬೇಕು. ಎಕರೆಗಟ್ಟಲೆ ಹರಡಿಕೊಂಡಿದ್ದ ಕೆರೆಯಲ್ಲಿ ಉಳಿದದ್ದು ಒಂದು ಆಚರಣೆಗೆ ಎಷ್ಟು ಬೇಕೋ ಅಷ್ಟು. ಕರಗ ಎಂದರೆ ಕೊಡ. ಆದರೂ ಆ ಕಟ್ಟೆಯ ಬಳಿ ನಿಂತಾಗ ನನ್ನ ಕಿವಿಗೆ ಅದು ಕರಗುವ ಮಾತಾಗಿಯೇ ಕೇಳಿಸಿತು. ಆ ಚೂರು ಉಳಿದದ್ದು ಯಾವ ಯೋಜನೆಯಿಂದಲೂ ಅಲ್ಲ, ವರ್ಷಕ್ಕೊಮ್ಮೆ ಅದು ತಮಗೆ ಬೇಕು ಎಂದು ಬಿಡದೆ ಬಂದ ಜನರಿಂದ. ನನಗೆ ಅದು ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಕೆರೆ, ಮರ ಹೋದರೆ ಸೆಕೆ ಯಾಕೆ ಏರಬೇಕು ಎಂಬುದನ್ನು ಅಡುಗೆಮನೆಯ ಹೂಜಿಯೇ ಹೇಳುತ್ತದೆ. ಮಣ್ಣಿನ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಒಂದು ಲೀಟರ್ ನೀರು ಆವಿಯಾಗಬೇಕಾದರೆ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಮುಕ್ಕಾಲು ಯೂನಿಟ್‌ಗಿಂತ ತುಸು ಕಡಿಮೆ ಶಕ್ತಿ ಬೇಕು. ಚೆನ್ನಾಗಿ ನೀರು ಸಿಗುವ ದೊಡ್ಡ ಮರ ದಿನಕ್ಕೆ ನೂರು ಲೀಟರಿಗೂ ಮಿಗಿಲಾಗಿ ಆವಿ ಬಿಡಬಲ್ಲದು. ಅಂದರೆ ಅರುವತ್ತು ಎಪ್ಪತ್ತು ಯೂನಿಟ್‌ನಷ್ಟು ಬಿಸಿಯನ್ನು ಬೀದಿಯಿಂದ ಎತ್ತಿ, ಸದ್ದಿಲ್ಲದೆ, ಮೇಲಕ್ಕೆ ಸಾಗಿಸುತ್ತದೆ. ಮನೆಯ ಎಸಿ ಮಾಡುವುದು ಬೇರೆ ಕೆಲಸ. ಅದು ಕೋಣೆಯ ಬಿಸಿಯನ್ನು ಹೀರಿ ಕಿಟಕಿಯಾಚೆ ಬೀದಿಗೆ ಉಗುಳುತ್ತದೆ, ಹೀರುವುದಕ್ಕೆ ತಿಂದ ಕರೆಂಟಿನ ಬಿಸಿಯನ್ನೂ ಜೊತೆಗೆ ಸೇರಿಸಿ. ಒಂದೂವರೆ ಟನ್ನಿನ ಎಸಿ ಎಂಬ ಮಾತು ಐಸಿನ ಕಾಲದ್ದು. ದಿನವೊಂದಕ್ಕೆ ಒಂದೂವರೆ ಟನ್ ಐಸು ಕರಗಿದರೆ ಎಷ್ಟು ಬಿಸಿ ಹೀರುತ್ತದೋ ಅಷ್ಟು ಎಂದು ಅದರ ಅರ್ಥ. ನನ್ನ ಕೋಣೆಯ ತಂಪು ಪಕ್ಕದ ಗಲ್ಲಿಯಲ್ಲಿ ತಳ್ಳುಗಾಡಿ ಇಟ್ಟವನ ಮುಖಕ್ಕೆ ಬೀಸುವ ಧಗೆ. ಇದನ್ನು ತಿಳಿದ ಮೇಲೂ ಎಸಿ ಹಾಕಿಕೊಳ್ಳುವವರನ್ನು ನಾನು ದೂರುವುದಿಲ್ಲ. ಹಸುಗೂಸುಗಳು, ವಯಸ್ಸಾದವರು ಇರುವ ಮನೆಗೆ ಬೇರೆ ದಾರಿ ಕಡಿಮೆಯಾಗುತ್ತಿದೆ.

ಮರದ ನೆರಳಿನ ಬೆಲೆಯನ್ನು ಬೆಂಗಳೂರಿನಲ್ಲೇ ಅಳೆದಿದ್ದಾರೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರಗಳಿರುವ ರಸ್ತೆಯ ಮಧ್ಯಾಹ್ನದ ಗಾಳಿ ಮರವಿಲ್ಲದ ರಸ್ತೆಗಿಂತ 5.6 ಡಿಗ್ರಿಯವರೆಗೂ ತಂಪಾಗಿತ್ತು. ಟಾರಿನ ಮೈಯ ಬಿಸಿಯಲ್ಲಿ ವ್ಯತ್ಯಾಸ 27.5 ಡಿಗ್ರಿಯವರೆಗೂ ಹೋಗಿತ್ತು. ಗಾಳಿಯ ಆ ಅಂಕಿಯನ್ನು ಮತ್ತೊಮ್ಮೆ ನೋಡಿ. ಕಡಲಮಟ್ಟದಿಂದ ಮೂರು ಸಾವಿರ ಅಡಿ ಏರಿ ಬಂದಿದ್ದಕ್ಕೆ ನಮಗೆ ಸಿಕ್ಕಿದ್ದು ಆರು ಡಿಗ್ರಿ. ಒಂದು ಸಾಲುಮರ ಮಧ್ಯಾಹ್ನದ ಹೊತ್ತಿಗೆ ಹೆಚ್ಚುಕಡಿಮೆ ಅಷ್ಟನ್ನೇ ಕೊಡಬಲ್ಲದು. ಮರ ಕಡಿದ ಬೀದಿ ಬೆಟ್ಟದಿಂದ ಕೆಳಗಿಳಿದು ಬಯಲಿಗೆ ಬಂದು ಕೂತಂತೆ.

ಇದನ್ನು ಅಳೆಯಲು ಯಂತ್ರವೂ ಬೇಕಿಲ್ಲ. ಮಾರ್ಚ್ ತಿಂಗಳ ರಾತ್ರಿ ಒಂಬತ್ತರ ಮೇಲೆ ಸ್ಕೂಟರಿನಲ್ಲಿ ಊರು ದಾಟಿದರೆ ಸಾಕು. ಕಬ್ಬನ್ ಪಾರ್ಕಿನ ಅಂಚಿಗೆ ಬಂದಾಗ ಹೆಲ್ಮೆಟ್ಟಿನ ಗಾಜು ಎತ್ತಿದರೆ ಕೆನ್ನೆಗೆ ತಣ್ಣನೆಯ ಗಾಳಿ ತಾಗುತ್ತದೆ, ಎಲೆಯ ವಾಸನೆ ಹೊತ್ತು. ಎರಡು ಸಿಗ್ನಲ್ ದಾಟಿ ಕಟ್ಟಡಗಳ ನಡುವೆ ಹೊಕ್ಕರೆ ಒಲೆಯ ಬಾಯಿ ತೆರೆದಂತೆ. ಒಂದೇ ಊರಿನ ಒಂದೇ ರಾತ್ರಿಯಲ್ಲಿ ನಾಲ್ಕೈದು ಹವೆಗಳು ಪಟ್ಟೆಪಟ್ಟೆಯಾಗಿ ಮೈಗೆ ತಾಗಿ ಹೋಗುತ್ತವೆ.

ಮನೆಗೆ ಬಂದು ಪಡುವಣ ಗೋಡೆಗೆ ಅಂಗೈ ಒತ್ತುತ್ತೇನೆ. ಹತ್ತು ಗಂಟೆಯಾದರೂ ಅದು ಜ್ವರ ಬಂದ ಮಗುವಿನ ಹಣೆಯ ಹಾಗೆ ಬೆಚ್ಚಗಿರುತ್ತದೆ. ಕೋಳಿ ಕಾವು ಕೂರುತ್ತದೆ ಎನ್ನುತ್ತೇವಲ್ಲ, ಗೋಡೆಯೂ ಹಾಗೆ ಹಗಲನ್ನು ಒಳಗಿಟ್ಟುಕೊಂಡು ಕಾವು ಕೂತಿರುತ್ತದೆ. ಹೊಸ ಟಾರು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಐದು ಪಾಲನ್ನಷ್ಟೇ ಹಿಂದಕ್ಕೆ ಕಳಿಸುತ್ತದೆ, ಉಳಿದದ್ದನ್ನು ನುಂಗುತ್ತದೆ. ಕಾಂಕ್ರೀಟು ನಿಧಾನ ಕಾದು ನಿಧಾನ ಆರುತ್ತದೆ. ನೆಲ ರಾತ್ರಿ ತಣಿಯುವುದು ತನ್ನ ಕಾವನ್ನು ಬರಿಯ ಆಕಾಶಕ್ಕೆ ಬಿಟ್ಟುಕೊಟ್ಟು. ಆದರೆ 30x40 ಸೈಟಿನಲ್ಲಿ ನಾಲ್ಕು ಮಾಳಿಗೆ ಎಬ್ಬಿಸಿದ ಓಣಿಯಲ್ಲಿ ನನ್ನ ಗೋಡೆಗೆ ಕಾಣುವುದು ಆಕಾಶವಲ್ಲ, ಎದುರು ಮನೆಯ ಗೋಡೆ. ಎರಡೂ ಗೋಡೆಗಳು ಇರುಳೆಲ್ಲ ಒಂದರ ಬಿಸಿಯನ್ನು ಇನ್ನೊಂದಕ್ಕೆ ಕೊಟ್ಟು ತೆಗೆದುಕೊಳ್ಳುತ್ತಿರುತ್ತವೆ. ಹಗಲಿನ ಬಿಸಿಲಿಗಿಂತ ಇರುಳಿನ ಈ ಕಾವೇ ದೊಡ್ಡ ನಗರಗಳ ನಿಜವಾದ ಗುರುತು.

ಇದನ್ನು ಮೊದಲು ಅಂಕಿಗಳಲ್ಲಿ ಕಂಡವರು ಲಂಡನ್ನಿನ ಲ್ಯೂಕ್ ಹೊವಾರ್ಡ್. ಔಷಧ, ರಾಸಾಯನಿಕಗಳ ವ್ಯವಹಾರ ಅವರದು, ಆಕಾಶ ನೋಡುವುದು ಒಲವು. ನಗರದ ಒಳಗೂ ಹೊರಗಿನ ಹಳ್ಳಿಯಲ್ಲೂ ತೆಗೆದ ಅಂಕಿಗಳನ್ನು ವರ್ಷಗಟ್ಟಲೆ ಹೋಲಿಸಿ, ರಾತ್ರಿ ಹೊತ್ತು ಲಂಡನ್ ತನ್ನ ಸುತ್ತಲಿನ ನೆಲಕ್ಕಿಂತ 3.7 ಡಿಗ್ರಿ ಫ್ಯಾರನ್‌ಹೀಟ್ ಬೆಚ್ಚಗಿದೆ ಎಂದು ಅವರು ಬರೆದರು. 19ನೇ ಶತಮಾನದ ಮೊದಲ ಎರಡು ದಶಕಗಳ ಮಾತಿದು, ಆಗ ಟಾರಿನ ರಸ್ತೆಯಿಲ್ಲ, ಕಾರಿಲ್ಲ. ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಸಂಗತಿ. ಮೋಡಗಳಿಗೆ ಇವತ್ತಿಗೂ ಬಳಕೆಯಲ್ಲಿರುವ ಕ್ಯುಮುಲಸ್, ಸ್ಟ್ರಾಟಸ್, ಸಿರಸ್ ಎಂಬ ಹೆಸರುಗಳನ್ನು ಕೊಟ್ಟವರೂ ಇದೇ ಹೊವಾರ್ಡ್. ಎರಡು ಗಳಿಗೆ ಒಂದೇ ಆಕಾರದಲ್ಲಿ ನಿಲ್ಲದ ಮೋಡಕ್ಕೆ ಹೆಸರಿಡುವಷ್ಟು ತಾಳ್ಮೆ ಇದ್ದ ಕಣ್ಣಿಗೇ, ನಿಂತೇ ಇದೆ ಎನ್ನಿಸುವ ನಗರವೂ ಬದಲಾಗುತ್ತಿರುವುದು ಕಂಡಿತು.

ಬೆಂಗಳೂರಿನ ಅಂಕಿಗಳೂ ಇವೆ. ದಾಖಲೆಯಲ್ಲಿರುವ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, 1884ರ ಜನವರಿಯದು. ಅತಿ ಹೆಚ್ಚು 39.2 ಡಿಗ್ರಿ, 2016ರ ಏಪ್ರಿಲ್‌ನದು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಉಪಗ್ರಹ ಚಿತ್ರಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದ ಪ್ರಕಾರ, 1973ರಲ್ಲಿ ಈ ಪ್ರದೇಶದ ನೆಲದಲ್ಲಿ ಕಟ್ಟಡ, ರಸ್ತೆಗಳ ಪಾಲು ಶೇ 8ರಷ್ಟು. 2012ಕ್ಕೆ ಅದು ಶೇ 58 ದಾಟಿತ್ತು. ಇದರ ಮೇಲೆ ಇಡೀ ಭೂಮಿಯೇ ಕಾಯುತ್ತಿದೆ. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳೆಯಲು ಶುರುಮಾಡಿದಾಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 315 ಪಾಲು ಇದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನೂ ಮೀರಿದೆ. ಜಗತ್ತಿನ ಬಿಸಿ ಬೇರೆ, ನಗರದ ಬಿಸಿ ಬೇರೆ. ಆದರೆ ರಾತ್ರಿ ನಿದ್ದೆ ಬಾರದೆ ಮಗ್ಗುಲು ಬದಲಿಸುವ ದೇಹಕ್ಕೆ ಎರಡರ ಮೊತ್ತವಷ್ಟೇ ಗೊತ್ತು.

ಪತ್ರಿಕೆಗಳಲ್ಲಿ ಬೇಸಗೆ ಬಂದರೆ ಒಂದು ಸಾಲು ಖಾಯಂ ಇರುತ್ತದೆ, ವಾಡಿಕೆಗಿಂತ ಎರಡು ಡಿಗ್ರಿ ಹೆಚ್ಚು, ವಾಡಿಕೆಗಿಂತ ಮೂರು ಡಿಗ್ರಿ ಹೆಚ್ಚು ಎಂದು. ವಾಡಿಕೆ ಎಂದರೆ ಮೂವತ್ತು ವರ್ಷಗಳ ಸರಾಸರಿ. ಹತ್ತು ವರ್ಷಕ್ಕೊಮ್ಮೆ ಹಳೆಯ ಹತ್ತನ್ನು ಬಿಟ್ಟು ಹೊಸ ಹತ್ತನ್ನು ಸೇರಿಸುತ್ತಾರೆ. ಮೊದಲು 1981ರಿಂದ 2010ರದು ಇತ್ತು, ಈಗ 1991ರಿಂದ 2020ರದು. ಲೆಕ್ಕಕ್ಕೆ ಇದು ಸರಿಯೇ. ಆದರೆ ಬಿಸಿಯಾದ ವರ್ಷಗಳು ಒಂದೊಂದಾಗಿ ವಾಡಿಕೆಯ ಒಳಗೇ ಸೇರಿಕೊಳ್ಳುತ್ತ ಹೋಗುತ್ತವೆ. ನಿನ್ನೆ ಬೆಚ್ಚಿಬೀಳಿಸಿದ್ದು ಇವತ್ತು ಹೋಲಿಕೆಯ ಅಳತೆಗೋಲು. ಮನಸ್ಸಿನ ವಾಡಿಕೆಯೂ ಹಾಗೆಯೇ ಸರಿಯುತ್ತದೆ. ನಮ್ಮ ಬಾಲ್ಯದ ಮನೆಯಲ್ಲಿ ರೆಡ್ ಆಕ್ಸೈಡ್ ನೆಲದ ಮೇಲೆ ಬರಿಮೈಯಲ್ಲಿ ಮಲಗಿದರೆ ಏಪ್ರಿಲ್‌ನಲ್ಲೂ ಬೆಳಗಿನ ಜಾವ ಹೊದಿಕೆ ಹುಡುಕುತ್ತಿದ್ದೆವು. ಸೀಲಿಂಗ್ ಫ್ಯಾನ್ ಇರಲಿಲ್ಲ, ಅದು ಬಡತನವೆಂದು ಯಾರಿಗೂ ಅನ್ನಿಸಿರಲಿಲ್ಲ. ತಾರಸಿಯ ಮೇಲೆ ಡಬ್ಬಿ ನಿಲ್ಲಿಸಿದ ಆ ಚಿಕ್ಕ ಹುಡುಗನಿಗೆ ಎಂಟು ವರ್ಷ. ಫ್ಯಾನ್ ತಿರುಗದ ರಾತ್ರಿ ಅವನಿಗೆ ಗೊತ್ತಿಲ್ಲ. ಕಳೆದುಕೊಂಡದ್ದರ ನೋವು ಅವನಿಗಿಲ್ಲ, ಇರಲೂ ಸಾಧ್ಯವಿಲ್ಲ. ಅನಿತ್ಯದ ಅತ್ಯಂತ ಕಠಿಣ ಮುಖ ಇದೇ ಎಂದು ನನಗನ್ನಿಸುತ್ತದೆ. ವಸ್ತು ಹೋಗುವುದರ ಜೊತೆಗೆ, ಅದು ಇತ್ತು ಎಂಬ ಅಳತೆಯೂ ಹೋಗುತ್ತದೆ.

ನಮ್ಮ ರೈತರ ಮಳೆನಕ್ಷತ್ರಗಳನ್ನೇ ನೋಡಿ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ ಎಂದು ಸೂರ್ಯ ಸಾಗುವ ಲೆಕ್ಕದಲ್ಲಿ ಮಳೆಗೆ ಹೆಸರಿಟ್ಟು, ಯಾವ ಮಳೆಗೆ ಏನು ಬಿತ್ತಬೇಕು ಎಂದು ಗಾದೆ ಕಟ್ಟಿದರು. ಆದರೆ ಭೂಮಿಯ ಅಕ್ಷ ನಿಧಾನವಾಗಿ ತೂಗುತ್ತಿರುವುದರಿಂದ, ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಆ ನಕ್ಷತ್ರಗಳು ಋತುವಿನಿಂದ ಜಾರುತ್ತಿವೆ. ಸಾವಿರ ವರ್ಷದ ಹಿಂದಿನ ಭರಣಿ ಮಳೆಗೂ ಇಂದಿನದಕ್ಕೂ ಎರಡು ವಾರದ ಅಂತರ. ಮಳೆ ಕೈಕೊಟ್ಟಿತು ಎನ್ನುತ್ತೇವೆ. ಮಳೆಯನ್ನು ಅಳೆಯಲು ಆಕಾಶಕ್ಕೆ ಹೊಡೆದ ಗೂಟಗಳೂ ಕದಲುತ್ತಿವೆ.

ಇಲ್ಲಿಯವರೆಗೆ ಬಂದ ಮೇಲೆ ಒಂದು ಜಾರುವ ಜಾಗವಿದೆ. ಎಲ್ಲವೂ ಹೋಗುವುದೇ ಆದರೆ ತಲೆಕೆಡಿಸಿಕೊಳ್ಳುವುದೇಕೆ? ಈ ಮಾತನ್ನು ನಾನು ವೇದಾಂತಿಗಳ ಬಾಯಲ್ಲಿ ಕೇಳಲಿಲ್ಲ, ನಮ್ಮ ಬೀದಿಯಲ್ಲೇ ಕೇಳಿದೆ. ಎರಡು ವರ್ಷದ ಹಿಂದೆ ಫುಟ್‌ಪಾತ್ ಕೆಲಸ ನಡೆಯಿತು. ನಮ್ಮ ಗೇಟಿನ ಮುಂದಿನ ಹೊಂಗೆಮರದ ಬುಡಕ್ಕೆ ಒಂದಿಂಚು ಮಣ್ಣು ಬಿಡದೆ ಸಿಮೆಂಟು ಬಳಿದರು. ತೊಗಟೆಗೇ ಅಂಟಿಕೊಂಡಿತ್ತು. ಸ್ವಲ್ಪ ಜಾಗ ಬಿಡಿ ಎಂದು ಕೇಳಿಕೊಂಡೆ. ಕೆಲಸ ಮಾಡಿಸುತ್ತಿದ್ದವರು ಸಿಡುಕಲಿಲ್ಲ, ಸಮಾಧಾನವಾಗಿಯೇ ಹೇಳಿದರು, “ಬಿಡಿ ಸಾರ್, ಮರ ಎಷ್ಟು ದಿನ ಇರುತ್ತೆ? ಇವತ್ತಲ್ಲ ನಾಳೆ ಹೋಗೋದೇ.”

ಆ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಅದು ಅನಿತ್ಯದ ತಿಳಿವಲ್ಲ, ಅನಿತ್ಯದ ನೆಪ. ಜೈನರ ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೊದಲನೆಯದು ಅನಿತ್ಯ. ಅನುಪ್ರೇಕ್ಷೆ ಎಂದರೆ ಮತ್ತೆ ಮತ್ತೆ ನೋಡುವುದು, ಬಿಡದೆ ನೋಡುವುದು. ಹೋಗುವುದೇ ತಾನೆ ಎಂದು ಕಣ್ಣು ತಿರುಗಿಸಿಕೊಳ್ಳುವುದು ಅದರ ನೇರ ವಿರುದ್ಧ. ಹೂಳೆತ್ತಿದವರಿಗೆ ಗೊತ್ತಿತ್ತು, ಬರುವ ಮಳೆಗೆ ಮತ್ತೆ ಹೂಳು ಬರುತ್ತದೆ ಎಂದು. ಅದಕ್ಕೇ ಎತ್ತಿದರು. ಮರ ನೆಡಿಸಿದವರಿಗೆ ಗೊತ್ತಿತ್ತು, ಅದು ಮುಪ್ಪಾಗುವ ಹೊತ್ತಿಗೆ ತಾವಿರುವುದಿಲ್ಲ ಎಂದು. ಅದಕ್ಕೇ ನೆಡಿಸಿದರು. ಕೆರೆ ಶಾಶ್ವತ, ತಂಪು ಶಾಶ್ವತ, ಬೆಂಗಳೂರಿನ ಹವೆ ದೇವರು ಕೊಟ್ಟ ವರ, ಅದಕ್ಕೇನೂ ಆಗುವುದಿಲ್ಲ ಎಂದು ನಂಬಿದವರು ನಾವು. ಕಳೆದದ್ದು ನಮ್ಮ ಕಾಲದಲ್ಲೇ. ನಿತ್ಯವೆಂದು ನಂಬಿದ್ದನ್ನು ಯಾರೂ ಕಾಯುವುದಿಲ್ಲ.

ಹಾಗೆಯೇ ಈಗಿನ ಸೆಕೆಯೂ ನಿತ್ಯವಲ್ಲ. ಇದೂ ಕೂಡಿ ಆದದ್ದು, ನಮ್ಮ ಕೈಯಿಂದಲೇ ಒಂದೊಂದು ಚದರಡಿಯಾಗಿ ಕೂಡಿ ಆದದ್ದು. ಗೋಡೆಗೆ ಸುಣ್ಣದ ಬಿಳುಪು ಕೊಟ್ಟರೆ ಅದು ಅಷ್ಟು ಕಡಿಮೆ ಕಾಯುತ್ತದೆ. ಮಣ್ಣು ಬಿಟ್ಟರೆ ನೀರು ಇಂಗುತ್ತದೆ. ಬೇರಿಗೆ ನೀರು ಸಿಕ್ಕರೆ ಎಲೆ ಬಿಸಿಯನ್ನು ಹೊತ್ತೊಯ್ಯುತ್ತದೆ. ಇಡೀ ಭೂಮಿಯ ತಾಪವನ್ನು ಇಳಿಸುವುದು ಒಂದು ಬೀದಿಯ ಅಳವಲ್ಲ, ಆದರೆ ಒಂದು ಬೀದಿಯ ಮಧ್ಯಾಹ್ನ ಆ ಬೀದಿಯವರ ಕೈಯಲ್ಲಿದೆ.

ಕಳೆದ ವರ್ಷ ಮಾಘದಲ್ಲಿ ನಾನೂ ಆ ತಾತನೂ ಸೇರಿ ಉಳಿ, ಸುತ್ತಿಗೆ ಹಿಡಿದು ಹೊಂಗೆಯ ಬುಡದ ಸಿಮೆಂಟನ್ನು ಸುತ್ತಲೂ ಎರಡಡಿ ಒಡೆದೆವು. ಎರಡು ಬೆಳಗಿನ ಕೆಲಸ. ಕೆಳಗಿನ ಮಣ್ಣು ಸುಟ್ಟ ಇಟ್ಟಿಗೆಯ ಪುಡಿಯ ಹಾಗೆ ಒಣಗಿತ್ತು. ಪಾತಿ ಮಾಡಿ ಅಕ್ಕಿ, ತರಕಾರಿ ತೊಳೆದ ನೀರು ಸುರಿಯುತ್ತ ಬಂದೆವು. ಹೊಂಗೆಯ ನೆರಳು ತಾಯಿಯ ಮಡಿಲು ಎನ್ನುತ್ತಾರೆ. ಈ ಸಲ ಯುಗಾದಿಗೆ ಮುಂಚೆ ಅದು ಎಲೆಯೆಲ್ಲ ಉದುರಿಸಿ ಬೋಳಾಗಿ ನಿಂತು, ಹದಿನೈದು ದಿನದಲ್ಲಿ ಎಣ್ಣೆ ಹಚ್ಚಿದಂತೆ ಮಿರುಗುವ ಎಳೆಹಸಿರನ್ನು ಮೈತುಂಬ ಹೊದ್ದಿತು. ಅದರ ಕೆಳಗೆ ಹೂ ಮಾರುವವರೊಬ್ಬರು ಈಗ ಬುಟ್ಟಿ ಇಟ್ಟುಕೊಂಡು ಕೂರುತ್ತಾರೆ, ಮಧ್ಯಾಹ್ನವೂ ಮಲ್ಲಿಗೆ ಬಾಡುವುದಿಲ್ಲ ಎನ್ನುತ್ತಾರೆ.

ನಿಮ್ಮ ಮನೆಯ ಮುಂದೆಯೂ ಒಂದು ಮರವಿದ್ದು, ಅದರ ಬುಡಕ್ಕೆ ಸಿಮೆಂಟು ಬಿಗಿದಿದ್ದರೆ, ಬೇರಿಗೆ ಏಟು ತಾಗದಂತೆ ಸುತ್ತ ಎರಡಡಿ ಒಡೆದು ಮಣ್ಣು ಕಾಣಿಸಿ. ಭರಣಿ ಮಳೆ ಬೀಳುವ ಮುಂಚೆ ಮಾಡಿದರೆ ಒಳ್ಳೆಯದು.